ಮಳೆಗಾಲದ ಮುಂಬೈಯಲ್ಲಿ ತುರಿಕೆ: ಟ್ಯೂಬ್ ಹಚ್ಚುವ ಮೊದಲು ಚರ್ಮ ನೋಡುವುದು ಹೇಗೆ

ಜೂನ್ ಎರಡನೇ ವಾರ ಮಳೆ ಹಿಡಿಯಿತು ಅಂದರೆ ಮುಂಬೈಯಲ್ಲಿ ಸೆಪ್ಟೆಂಬರ್ ತನಕ ಜೀನ್ಸ್ ಪ್ಯಾಂಟ್ ಪೂರ್ತಿ ಒಣಗುವುದಿಲ್ಲ. ಅರ್ಧ ಒದ್ದೆ ಪ್ಯಾಂಟು, ಲೋಕಲ್ ಟ್ರೇನಿನ ನೂಕುನುಗ್ಗಲು, ಮಧ್ಯಾಹ್ನದ ಹೊತ್ತಿಗೆ ತೊಡೆಸಂದಿನಲ್ಲಿ ಉರಿ. ಸಂಜೆ ಮೆಡಿಕಲ್‌ಗೆ ಹೋಗಿ "ಖುಜಲೀ ಕೇ ಲಿಯೇ ಕುಛ್ ದೇ ದೋ" ಅಂದರೆ ಒಂದು ಟ್ಯೂಬ್ ಸಿಗುತ್ತದೆ. ಹಚ್ಚಿದ ರಾತ್ರಿಯೇ ತುರಿಕೆ ನಿಲ್ಲುತ್ತದೆ. ನಿಜವಾದ ತೊಂದರೆ ಶುರುವಾಗುವುದು ಅಲ್ಲಿಂದ.

ನಾನು ನರ್ಸ್. ಡೊಂಬಿವಿಲಿಯ ನಮ್ಮ ಬಿಲ್ಡಿಂಗಿನವರು, ಪರಿಚಯದ ಹೋಟೆಲ್ ಹುಡುಗರು, ಊರಿಂದ ಬಂದ ನೆಂಟರು, ಎಲ್ಲರೂ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಕೇಳುವುದು ಒಂದೇ: "ಅಕ್ಕಾ, ಇದಕ್ಕೆ ಯಾವ ಕ್ರೀಮ್?" ಕ್ರೀಮ್ ಯಾವುದು ಅನ್ನುವುದು ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ನೋಡಬೇಕು, ಮುಟ್ಟಬೇಕು, ನಾಲ್ಕು ಪ್ರಶ್ನೆ ಕೇಳಬೇಕು. ಆಸ್ಪತ್ರೆಯಲ್ಲಿ ನರ್ಸ್‌ಗಳು ಮಾಡುವುದೂ ಇದನ್ನೇ, ಮತ್ತು ಇದರಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಮಾಡಬಹುದು.

ಮೊದಲು ಕಿಟಕಿ ಹತ್ತಿರ ಬನ್ನಿ

ಟ್ಯೂಬ್‌ಲೈಟ್ ಬೆಳಕಲ್ಲಿ ಚರ್ಮದ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಹಗಲು ಬೆಳಕಿಗೆ ಬನ್ನಿ. ಕೈ ತೊಳೆದುಕೊಳ್ಳಿ. ನೀರು, ಕೀವು ಸೋರುತ್ತಿದ್ದರೆ ಗ್ಲೌಸ್ ಹಾಕಿ. ಬೇರೆಯವರ ಮೈ ನೋಡುವುದಾದರೆ ಮೊದಲು ಕೇಳಿ, ಬಾಗಿಲು ಹಾಕಿ. ಒಂದೇ ಖೋಲಿಯಲ್ಲಿ ಆರು ಜನ ಇರುವ ಕಡೆ ಇದು ಕಷ್ಟ, ಆದರೆ ನಾಚಿಕೆಯಿಂದಲೇ ಎಷ್ಟೋ ಜನ ತೊಡೆಸಂದಿನ ತೊಂದರೆಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ.

ತೋರಿಸಿದ ಜಾಗ ಮಾತ್ರ ನೋಡಿ ಬಿಡಬೇಡಿ. ಕೈಯಲ್ಲಿ ಕಲೆ ಅಂದರೂ ಕಂಕುಳು, ಸೊಂಟದ ದಾರದ ಜಾಗ, ಬೆರಳ ಸಂದು, ಕಾಲ್ಬೆರಳ ಸಂದು, ಸ್ತನದ ಕೆಳಗೆ, ಉಗುರು, ತಲೆ, ಬಾಯಿಯ ಒಳಗೆ, ಎಲ್ಲ ಒಮ್ಮೆ ನೋಡಿ.

ಇನ್ನೊಂದು ವಿಷಯ. ಚರ್ಮದ ಪುಸ್ತಕಗಳಲ್ಲಿ "ಕೆಂಪಾಗುತ್ತದೆ" ಅಂತ ಬರೆದಿರುವುದು ಬಹುಪಾಲು ಬಿಳಿ ಚರ್ಮ ನೋಡಿ. ನಮ್ಮ ಕಂದು ಚರ್ಮದಲ್ಲಿ ಕೆಂಪು ಅನ್ನುವುದು ಎಷ್ಟೋ ಸಲ ಕಡು ಕಂದಾಗಿ, ನೇರಳೆಯಾಗಿ, ಬೂದಿ ಬಣ್ಣವಾಗಿ ಕಾಣುತ್ತದೆ. ಹಾಗಾಗಿ ಎಡಗಾಲಿನ ಕಲೆಯನ್ನು ಬಲಗಾಲಿನ ಅದೇ ಜಾಗದ ಪಕ್ಕ ಇಟ್ಟು ನೋಡಿ. ಬಣ್ಣ ಹೇಳದ್ದನ್ನು ಬಿಸಿ ಹೇಳುತ್ತದೆ. ಅಂಗೈಗಿಂತ ಕೈಯ ಹಿಂಭಾಗಕ್ಕೆ ಬಿಸಿಯ ವ್ಯತ್ಯಾಸ ಬೇಗ ತಿಳಿಯುತ್ತದೆ, ಅದರಲ್ಲಿ ಮುಟ್ಟಿ.

ನೋಡುವಾಗ, ಕೇಳುವಾಗ

ಕಲೆ ಮಟ್ಟಸವಾಗಿದೆಯೇ, ಉಬ್ಬಿದೆಯೇ? ಒಳಗೆ ನೀರಿದೆಯೇ, ಕೀವಿದೆಯೇ? ಮೇಲೆ ಹೊಟ್ಟು ಏಳುತ್ತಿದೆಯೇ, ಹಕ್ಕಳೆ ಕಟ್ಟಿದೆಯೇ? ಅಂಚು ಖಚಿತವಾಗಿದೆಯೇ, ಅಥವಾ ಎಲ್ಲಿ ಮುಗಿಯುತ್ತದೆ ಅಂತ ಗೊತ್ತೇ ಆಗುವುದಿಲ್ಲವೇ? ಮೈಯ ಎರಡೂ ಕಡೆ ಇದೆಯೇ, ಒಂದೇ ಕಡೆಯೇ? ಬೆರಳಿಂದ ಒತ್ತಿ ಬಿಟ್ಟರೆ ಬಣ್ಣ ಮಾಯವಾಗಿ ಮತ್ತೆ ಬರುತ್ತದೆಯೇ? ವಾಸನೆ ಇದೆಯೇ?

ಆಮೇಲೆ ಪ್ರಶ್ನೆಗಳು. ಯಾವಾಗಿನಿಂದ? ರಾತ್ರಿ ತುರಿಕೆ ಜಾಸ್ತಿಯೇ? ಮನೆಯಲ್ಲಿ, ರೂಮಿನಲ್ಲಿ ಇನ್ಯಾರಿಗೆ ಇದೆ? ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ? ಏನು ಕೆಲಸ? ಶುಗರ್ ಇದೆಯೇ? ಎಲ್ಲಕ್ಕಿಂತ ಮುಖ್ಯ, ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ? ಈ ಕೊನೆಯದಕ್ಕೆ ನಿಜವಾದ ಉತ್ತರ ಮೊದಲ ಸಲ ಬರುವುದಿಲ್ಲ. "ಏನೂ ಇಲ್ಲ" ಅಂತಾರೆ, ಸ್ವಲ್ಪ ಹೊತ್ತು ಬಿಟ್ಟರೆ ಜೇಬಿಂದ ಹಿಂಡಿ ಸುತ್ತಿದ ಟ್ಯೂಬ್ ಹೊರಗೆ ಬರುತ್ತದೆ.

ಪಕ್ಕದಲ್ಲಿ ಸ್ಕೇಲ್ ಅಥವಾ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ. ಎರಡು ವಾರದ ನಂತರ "ಕಡಿಮೆಯಾಗಿದೆ ಅನಿಸುತ್ತೆ" ಅನ್ನುವ ಮಾತಿಗಿಂತ ಎರಡು ಫೋಟೋ ಮೇಲು.

ಹುಳುಕಡ್ಡಿ, ಗಜಕರ್ಣ ಮತ್ತು ಆ ಟ್ಯೂಬ್

ಉಂಗುರದ ಆಕಾರ, ಅಂಚು ಉಬ್ಬಿ ಹೊಟ್ಟು ಏಳುತ್ತಿದೆ, ನಡುಭಾಗ ಸ್ವಲ್ಪ ತಿಳಿಯಾಗಿದೆ, ತೊಡೆಸಂದು, ಸೊಂಟ, ಪೃಷ್ಠದ ಕಡೆ ಹರಡುತ್ತಿದೆ ಅಂದರೆ ಅದು ಶಿಲೀಂಧ್ರದ ಸೋಂಕು, ಅಂದರೆ ಫಂಗಸ್ ಇರುವ ಸಾಧ್ಯತೆ ಜಾಸ್ತಿ. ಇಲ್ಲಿ ಅದನ್ನು ದಾದ್, ಗಜಕರ್ಣ, ನಾಯಟಾ ಅಂತೆಲ್ಲ ಕರೆಯುತ್ತಾರೆ.

ಹತ್ತಿಪ್ಪತ್ತು ವರ್ಷದ ಹಿಂದೆ ಇದು ಸುಲಭದ ಕಾಯಿಲೆ ಆಗಿತ್ತು. ಈಗ ಹಾಗಿಲ್ಲ. ಮಾಮೂಲಿ ಔಷಧಿಗೆ ಬಗ್ಗದ ಒಂದು ಬಗೆ ನಮ್ಮ ದೇಶದಲ್ಲಿ ಎಷ್ಟು ಹರಡಿದೆ ಅಂದರೆ, 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರಿನಲ್ಲೇ ಇಂಡಿಯಾ ಇದೆ: ಟ್ರೈಕೋಫೈಟಾನ್ ಇಂಡೋಟಿನಿಯೇ. ಇದು ಹರಡಿದ್ದರ ಹಿಂದೆ ಸ್ಟಿರಾಯ್ಡ್ ಬೆರೆಸಿದ ಮಿಕ್ಸ್ ಟ್ಯೂಬ್‌ಗಳ ಪಾಲು ದೊಡ್ಡದು ಅಂತ ಚರ್ಮದ ಡಾಕ್ಟರುಗಳು ಹೇಳುತ್ತಲೇ ಬಂದಿದ್ದಾರೆ. ಒಂದೇ ಟ್ಯೂಬಿನಲ್ಲಿ ಫಂಗಸ್ ಔಷಧಿ, ಆಂಟಿಬಯೋಟಿಕ್, ಜೊತೆಗೆ ಜೋರಾದ ಸ್ಟಿರಾಯ್ಡ್. ಸ್ಟಿರಾಯ್ಡ್ ತುರಿಕೆಯನ್ನು ತಕ್ಷಣ ಅಡಗಿಸುತ್ತದೆ, ಅದರ ಜೊತೆಗೆ ಆ ಜಾಗದ ಚರ್ಮ ಫಂಗಸ್ ವಿರುದ್ಧ ಹೋರಾಡುವುದನ್ನೂ ಅಡಗಿಸುತ್ತದೆ. ಉಂಗುರದ ಅಂಚು ಮಾಯವಾಗಿ ಡಾಕ್ಟರಿಗೂ ಗುರುತು ಸಿಗದ ಹಾಗೆ ಆಗುತ್ತದೆ, ಒಳಗೊಳಗೆ ಹರಡುತ್ತದೆ, ಹಚ್ಚುವುದು ಬಿಟ್ಟ ಕೂಡಲೇ ದುಪ್ಪಟ್ಟಾಗಿ ಏಳುತ್ತದೆ, ಮತ್ತೆ ಅದೇ ಟ್ಯೂಬ್, ಹೀಗೆ ಆರು ತಿಂಗಳು. ಕೊನೆಗೆ ತೊಡೆಸಂದಿನ ಚರ್ಮ ತೆಳ್ಳಗಾಗಿ ಗೆರೆ ಬೀಳುತ್ತದೆ. ಆ ಗೆರೆ ಪೂರ್ತಿ ಹೋಗುವುದಿಲ್ಲ.

2018ರಲ್ಲಿ ಸರ್ಕಾರ ಹಲವು ಸ್ಟಿರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ತಂದಿತು, ಅಂದರೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಅಂಗಡಿಯಲ್ಲಿ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತು. ಹಾಗಾಗಿ ನೀವೇ ಓದಿಕೊಳ್ಳಿ. ಟ್ಯೂಬ್ ತಿರುಗಿಸಿ, ಒಳಗೆ ಏನೇನಿದೆ ಅಂತ ಬರೆದ ಸಣ್ಣ ಅಕ್ಷರ ನೋಡಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್, ಇಂಥ ಹೆಸರಿದ್ದರೆ ಅದು ಸ್ಟಿರಾಯ್ಡ್. ಸ್ಟಿರಾಯ್ಡ್ ಅಂದರೆ ವಿಷ ಅಂತ ಅಲ್ಲ. ಇಸುಬಿಗೆ ಡಾಕ್ಟರು ಅದನ್ನೇ ಬರೆಯುತ್ತಾರೆ, ಅಲ್ಲಿ ಅದು ಸರಿಯಾದ ಔಷಧಿ. ಫಂಗಸ್ ಮೇಲೆ ಮಾತ್ರ ಬೇಡ. ತಿಂಗಳುಗಟ್ಟಲೆ ಹಚ್ಚಿದ್ದೀರಿ ಅಂದರೆ ಈಗ ಇದ್ದಕ್ಕಿದ್ದಂತೆ ಬಿಟ್ಟಾಗ ಉರಿ ಜೋರಾಗಬಹುದು, ಡಾಕ್ಟರಿಗೆ ತೋರಿಸಿಯೇ ಬಿಡಿ.

ಸಣ್ಣ, ಹೊಸ ಕಲೆಯಾದರೆ ಸ್ಟಿರಾಯ್ಡ್ ಇಲ್ಲದ ಕ್ಲೋಟ್ರಿಮಝೋಲ್ 1% ಕ್ರೀಮ್ ಸಾಕಾಗಬಹುದು. ಸ್ನಾನ ಮಾಡಿ, ಒರೆಸಿ, ಪೂರ್ತಿ ಒಣಗಲು ಬಿಟ್ಟು, ದಿನಕ್ಕೆ ಎರಡು ಸಲ ತೆಳ್ಳಗೆ ಹಚ್ಚಿ. ಕಲೆಯ ಅಂಚು ದಾಟಿ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ, ಯಾಕೆಂದರೆ ಫಂಗಸ್ ಬೆಳೆಯುವುದು ಆ ಅಂಚಿನಲ್ಲಿ. ಕಲೆ ಹೋದ ಮೇಲೂ ಎರಡು ವಾರ ಮುಂದುವರಿಸಿ. ಬಹಳ ಜನ ಎಡವುವುದು ಇಲ್ಲೇ: ತುರಿಕೆ ನಿಂತ ನಾಲ್ಕನೇ ದಿನಕ್ಕೆ ಟ್ಯೂಬ್ ಮರೆತುಹೋಗುತ್ತದೆ. ಮೈಮೇಲೆ ಹಲವು ಕಡೆ ಇದ್ದರೆ, ತಲೆಯಲ್ಲಿ ಅಥವಾ ಉಗುರಲ್ಲಿ ಇದ್ದರೆ, ಎರಡು ವಾರ ಹಚ್ಚಿದರೂ ಏನೂ ಆಗದಿದ್ದರೆ ಮಾತ್ರೆ ಬೇಕಾಗಬಹುದು. ಅದು ಡಾಕ್ಟರ ಕೆಲಸ.

ಕ್ರೀಮ್‌ನಷ್ಟೇ ಮುಖ್ಯ ಬಟ್ಟೆ. ಜೀನ್ಸ್ ಬಿಟ್ಟು ಸಡಿಲ ಹತ್ತಿ ಪ್ಯಾಂಟು. ಒಳಬಟ್ಟೆ ದಿನಾ ಬದಲಿಸಿ, ಒಣಗದಿದ್ದರೆ ಇಸ್ತ್ರಿ ಹಾಕಿ. ಟವೆಲ್ ಒಬ್ಬರಿಗೊಂದು. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಅವರಿಗೂ ಅದೇ ಹೊತ್ತಿಗೆ ಚಿಕಿತ್ಸೆ, ಇಲ್ಲದಿದ್ದರೆ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಮಗುವಿಗೆ, ಮಗುವಿನಿಂದ ಮತ್ತೆ ಗಂಡನಿಗೆ ಸುತ್ತುತ್ತಲೇ ಇರುತ್ತದೆ.

ಎಷ್ಟು ಹಚ್ಚಬೇಕು ಅನ್ನುವುದಕ್ಕೆ ಸುಲಭದ ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಟ್ಯೂಬಿಂದ ಒಂದು ಪಟ್ಟಿ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು.

ರಾತ್ರಿ ಇಡೀ ರೂಮೇ ಕೆರೆದುಕೊಳ್ಳುತ್ತಿದ್ದರೆ

ಇದು ಕಜ್ಜಿ. ಹೋಟೆಲ್ ಹುಡುಗರ ರೂಮುಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣದ ಒಂದು ಸಣ್ಣ ಹುಳ ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ. ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕಳ ಸುತ್ತ, ಗುಪ್ತಾಂಗದ ಹತ್ತಿರ ಸಣ್ಣ ಗುಳ್ಳೆ, ಗೀರು. ರಾತ್ರಿ ತುರಿಕೆ ಜೋರು. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಅವರಿಂದ ಬೇರೆಯವರಿಗೆ ಅಂಟಿರುತ್ತದೆ. ಹಾಗಾಗಿ "ನನಗೆ ತುರಿಕೆ ಇಲ್ಲ, ನಾನ್ಯಾಕೆ ಹಚ್ಚಬೇಕು" ಅನ್ನುವವನನ್ನೂ ಬಿಡುವಂತಿಲ್ಲ.

ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಪರ್ಮೆಥ್ರಿನ್ 5% ಕ್ರೀಮ್. ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಕತ್ತಿನಿಂದ ಕೆಳಗೆ ಪಾದದ ಅಡಿಯವರೆಗೆ, ಉಗುರ ಸಂದಿಯನ್ನೂ ಬಿಡದೆ. ತುರಿಸುವ ಜಾಗಕ್ಕೆ ಮಾತ್ರ ಹಚ್ಚಿದರೆ ಸುಮ್ನೆ ದುಡ್ಡು ದಂಡ. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಮೈ ಒಣಗಿ ತಣ್ಣಗಿರಲಿ. 8ರಿಂದ 14 ಗಂಟೆ ಇಟ್ಟು ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಒಂದು ವಾರದ ನಂತರ ಇನ್ನೊಮ್ಮೆ. ಹಸುಗೂಸುಗಳಿಗೆ ತಲೆಗೂ ಹಚ್ಚಬೇಕಾಗುತ್ತದೆ. ಮಕ್ಕಳು, ಗರ್ಭಿಣಿಯರ ವಿಷಯದಲ್ಲಿ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಮರುದಿನ ಬೆಳಿಗ್ಗೆ ಬೆಡ್‌ಶೀಟು, ಟವೆಲು, ಹಿಂದಿನ ಮೂರು ದಿನ ತೊಟ್ಟ ಬಟ್ಟೆ ಬಿಸಿ ನೀರಲ್ಲಿ ಒಗೆಯಿರಿ. ಒಗೆಯಲಾಗದ ಕಂಬಳಿ, ದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಮೈ ಬಿಟ್ಟರೆ ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು. ಔಷಧಿ ಕೆಲಸ ಮಾಡಲಿಲ್ಲ ಅಂತ ಗಾಬರಿಯಾಗಿ ದಿನಾ ಹಚ್ಚಬೇಡಿ.

ಹೋಟೆಲ್ ಮಾಲಕರಿಗೆ ಒಂದು ಮಾತು: ಎಲ್ಲರಿಗೂ ಟ್ಯೂಬ್ ತೆಗೆಸಿಕೊಡಿ. ಒಬ್ಬನನ್ನು ಊರಿಗೆ ಕಳಿಸಿದರೆ ಕಜ್ಜಿ ಹೋಗುವುದಿಲ್ಲ.

ಅಡುಗೆಮನೆಯ ಕೈ, ಮತ್ತು ರಾತ್ರಿಯ ಹುಳ

ದಿನವಿಡೀ ಸಾಬೂನು ನೀರಲ್ಲಿ ಪಾತ್ರೆ ತಿಕ್ಕುವವರ ಕೈ ಒಡೆದು, ಉರಿದು, ಹೊಟ್ಟು ಏಳುವುದು ಸೋಂಕಲ್ಲ. ಸಾಬೂನು ಚರ್ಮದ ಎಣ್ಣೆಯಂಶ ತೆಗೆದುಬಿಟ್ಟಿರುತ್ತದೆ. ಬೆಳ್ಳುಳ್ಳಿ ಸುಲಿಯುವವರಲ್ಲಿ ಒಂದು ವಿಶೇಷ ಗುರುತಿದೆ: ಬಲಗೈಯಲ್ಲಿ ಚಾಕು ಹಿಡಿಯುವವರಿಗೆ ತೊಂದರೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿಯಲ್ಲಿ, ಅಂದರೆ ಬೆಳ್ಳುಳ್ಳಿ ಹಿಡಿಯುವ ಬೆರಳುಗಳಲ್ಲೇ ಬರುತ್ತದೆ. ಇದಕ್ಕೇ ನಾನು ಏನು ಕೆಲಸ ಅಂತ ಕೇಳುವುದು. ಒಳಗೆ ಹತ್ತಿ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್ ಹಾಕಿ. ಉಂಗುರ ತೆಗೆಯಿರಿ, ಅದರಡಿ ಸಾಬೂನು ನಿಲ್ಲುತ್ತದೆ. ಕೈ ತೊಳೆದ ಪ್ರತಿ ಸಲ ವ್ಯಾಸಲೀನ್ ಹಚ್ಚಿ. ಬಿರುಕಿಂದ ನೀರು ಒಸರುತ್ತಿದ್ದರೆ ತೋರಿಸಿ.

ಮಳೆಗಾಲದಲ್ಲಿ ಲೈಟಿಗೆ ಬರುವ ಒಂದು ಸಣ್ಣ ಉದ್ದ ಹುಳ ಇದೆ, ಕಿತ್ತಳೆ ಕಪ್ಪು ಪಟ್ಟೆಯದು. ಕತ್ತಿನ ಮೇಲೆ ಕೂತಿದ್ದನ್ನು ಕೈಯಿಂದ ತಿಕ್ಕಿ ಸಾಯಿಸಿದರೆ ಅದರ ಮೈಯ ರಸ ತಾಗಿ ಒಂದೆರಡು ದಿನದಲ್ಲಿ ಗೆರೆ ಎಳೆದಂತೆ ಸುಟ್ಟ ಗಾಯ ಏಳುತ್ತದೆ. ಜನ ಸರ್ಪಸುತ್ತು ಅಂತ ಹೆದರುತ್ತಾರೆ. ಹುಳ ಕಂಡರೆ ಊದಿ ಓಡಿಸಿ, ತಾಗಿದರೆ ತಕ್ಷಣ ಸಾಬೂನು ನೀರಲ್ಲಿ ತೊಳೆಯಿರಿ. ನಿಜವಾದ ಸರ್ಪಸುತ್ತು ಬೇರೆ: ಮೈಯ ಒಂದೇ ಪಕ್ಕ, ಪಟ್ಟಿಯ ಹಾಗೆ ನೀರುಗುಳ್ಳೆ, ಅದಕ್ಕೂ ಮೊದಲೇ ಚುಚ್ಚುವ ನೋವು. ಅದಕ್ಕೆ ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಕಣ್ಣಿನ ಹತ್ತಿರ, ಮೂಗಿನ ತುದಿಯಲ್ಲಿ ಬಂದರೆ ಅದೇ ದಿನ ಆಸ್ಪತ್ರೆಗೆ. ಕೆಮ್ಮಣ್ಣು ಬಳಿದು ಕೂರಬೇಡಿ.

ಹಾಗೆಯೇ ಮಂಡಿನೋವಿಗೆ ಬಿಬ್ಬಾ ಹಚ್ಚಿಸಿಕೊಳ್ಳುವುದು ಇಲ್ಲಿ ಈಗಲೂ ಇದೆ, ನಮ್ಮ ಕಡೆಯ ಕೇರುಬೀಜವೇ ಅದು. ಸುಟ್ಟು ಬೊಬ್ಬೆ ಬರುತ್ತದೆ. ಬೇಡ.

ಮಲಗಿದಲ್ಲೇ ಇರುವ ಅಜ್ಜಿ, ಅಜ್ಜ

ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹಾಸಿಗೆ ಹುಣ್ಣು ಬಂದ ಮೇಲೆ ವಾಸಿ ಮಾಡುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ, ಮತ್ತು ಅದು ಪೂರ್ತಿ ಮನೆಯವರ ಕೈಯಲ್ಲೇ ಇದೆ.

ಸ್ನಾನ, ಒರೆಸುವ ಹೊತ್ತಲ್ಲಿ ದಿನಾ ಈ ಜಾಗಗಳನ್ನು ನೋಡಿ: ಬೆನ್ನಿನ ಕೆಳಗೆ ಬಾಲದ ಎಲುಬು, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲಗಂಟು, ಮೊಣಕೈ, ಹೆಗಲ ಎಲುಬು, ಕಿವಿ, ತಲೆಯ ಹಿಂಭಾಗ. ಬಣ್ಣ ಬದಲಾದ ಜಾಗ ಕಂಡರೆ ಬೆರಳಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಬಣ್ಣ ಬಂದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ, ಚರ್ಮ ಒಡೆಯದಿದ್ದರೂ ಸಹ. ಕಪ್ಪು ಮೈಯವರಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯೇ, ತಣ್ಣಗಿದೆಯೇ, ಗಟ್ಟಿಯೇ, ಮೆತ್ತಗೆ ಕೊಳೆತಂತೆ ಇದೆಯೇ, ಮುಟ್ಟಿದರೆ ನೋವೇ, ಇದನ್ನು ನೋಡಿ. ಎರಡನೇ ಹಂತದಲ್ಲಿ ಮೇಲ್ಚರ್ಮ ಹೋಗುತ್ತದೆ, ಮೂರರಲ್ಲಿ ಕೊಬ್ಬಿನ ತನಕ ಗುಂಡಿ, ನಾಲ್ಕರಲ್ಲಿ ಎಲುಬು, ಸ್ನಾಯು ಕಾಣುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ, ಹೊತ್ತು ಮತ್ತು ಮಗ್ಗುಲು ಬರೆಯಿರಿ. ಹಗಲು ಕೆಲಸದ ಬಾಯಿ (ಹೆಂಗಸು), ಸಂಜೆ ಸೊಸೆ, ರಾತ್ರಿ ಮಗ ನೋಡಿಕೊಳ್ಳುವ ಮನೆಯಲ್ಲಿ ಅದೊಂದೇ ದಾರಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ; ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಎಳೆಯಬೇಡಿ, ಇಬ್ಬರು ಸೇರಿ ಬೆಡ್‌ಶೀಟ್ ಸಮೇತ ಎತ್ತಿ ಸರಿಸಿ. ಡೈಪರ್ ಒದ್ದೆಯಾದ ಕೂಡಲೇ ತೆಗೆಯಿರಿ.

ಕೆಂಪಾದ ಜಾಗವನ್ನು ತಿಕ್ಕಿ ಮಾಲೀಶು ಮಾಡಬೇಡಿ, ಒಳಗಿನ ಜಖಂ ಆದ ಚರ್ಮ ಇನ್ನಷ್ಟು ಹಾಳಾಗುತ್ತದೆ. ಸ್ಪಿರಿಟ್ ಬೇಡ. ನಡುವೆ ತೂತಿರುವ ಗಾಳಿ ರಿಂಗ್ ಕೂಡ ಬೇಡ, ಅದು ಸುತ್ತಲಿನ ರಕ್ತ ಓಡಾಟವನ್ನೇ ಒತ್ತಿಬಿಡುತ್ತದೆ. ಊಟದಲ್ಲಿ ಮೊಟ್ಟೆ, ಬೇಳೆ, ಮೀನು, ಮೊಸರು ಜಾಸ್ತಿ ಮಾಡಿ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಡಾಕ್ಟರನ್ನು ಕೇಳಿ. ಬರೀ ಗಂಜಿಯ ಮೇಲೆ ಗಾಯ ಮಾಯುವುದಿಲ್ಲ. ಚರ್ಮ ಒಡೆದಿದ್ದರೆ ಸಲೈನ್‌ನಲ್ಲಿ ತೊಳೆದು, ಶುದ್ಧ ಡ್ರೆಸ್ಸಿಂಗ್ ಹಾಕಿ ನರ್ಸ್ ಅಥವಾ ಡಾಕ್ಟರಿಗೆ ತೋರಿಸಿ. ಕಪ್ಪು ಹೊದಿಕೆ ಕಟ್ಟಿದ್ದರೆ ಅದನ್ನು ನೀವು ಕೀಳಬೇಡಿ.

ತುರಿಕೆಯೇ ಇಲ್ಲದ ಕಲೆ

ತುರಿಸುವ ಕಲೆಗೆ ಜನ ಓಡಿ ಬರುತ್ತಾರೆ. ನಾನು ಹೆದರುವುದು ತುರಿಸದ, ನೋಯದ, ತಿಳಿಬಣ್ಣದ ಅಥವಾ ತಾಮ್ರದ ಬಣ್ಣದ ಕಲೆಗೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ, ತಾಗಿದ ಕಡೆ ಬೆರಳಿಡಲು ಹೇಳಿ. ಪಕ್ಕದ ಚರ್ಮದಲ್ಲಿ ತಿಳಿದು ಕಲೆಯಲ್ಲಿ ತಿಳಿಯದಿದ್ದರೆ ಕುಷ್ಠರೋಗ ಇರಬಹುದು, ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವ ಎಂಡಿಟಿ, ಅಂದರೆ ಹಲವು ಔಷಧಿ ಸೇರಿಸಿದ ಮಾತ್ರೆ, ಪೂರ್ತಿ ಉಚಿತ, ಕಲೆ ಐದರವರೆಗೆ ಇದ್ದು ನರಗಳಿಗೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಆರು ತಿಂಗಳು, ಜಾಸ್ತಿ ಇದ್ದರೆ ಹನ್ನೆರಡು ತಿಂಗಳು. ವಡಾಲಾದಲ್ಲಿ 1890ರಿಂದ ಇದಕ್ಕೇ ಅಂತ ಆಕ್‌ವರ್ತ್ ಆಸ್ಪತ್ರೆ ಇದೆ. ಮಾತ್ರೆ ಶುರುವಾದ ಮೇಲೆ ಬೇರೆಯವರಿಗೆ ಹರಡುವುದು ಬೇಗ ನಿಲ್ಲುತ್ತದೆ, ತಟ್ಟೆ ಲೋಟ ಬೇರೆ ಇಡುವ ಅಗತ್ಯವೇ ಇಲ್ಲ.

ನೆರೆನೀರು, ಶುಗರ್, ಮತ್ತು ಕಾಯಬಾರದ ಹೊತ್ತು

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆ ನೀರು ಇಳಿದ ಮೇಲೆ ಇಲಿಜ್ವರ ಊರೆಲ್ಲ ಹಬ್ಬಿತು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೆ ಸಾಕು. ಹಾಗಾಗಿ ಹಿಂದ್‌ಮಾತಾದಲ್ಲೋ ಕುರ್ಲಾದಲ್ಲೋ ಮೊಣಕಾಲುದ್ದ ನೀರಲ್ಲಿ ನಡೆದು ಬಂದರೆ ಕಾಲನ್ನು ಸಾಬೂನಲ್ಲಿ ತೊಳೆದು, ಬೆರಳ ಸಂದು ಒರೆಸಿ, ಗಾಯ ಇದೆಯೇ ನೋಡಿ, 72 ಗಂಟೆಯೊಳಗೆ ಮಹಾನಗರಪಾಲಿಕೆಯ ಡಿಸ್ಪೆನ್ಸರಿಗೆ ಹೋಗಿ ಮಾತ್ರೆ ಬೇಕೇ ಅಂತ ಕೇಳಿ.

ಶುಗರ್ ಇರುವವರು ರಾತ್ರಿ ಮಲಗುವ ಮುಂಚೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ. ಬರಿಗಾಲಲ್ಲಿ ನಡೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಕಾಲಲ್ಲಿ ಗಾಯ ಕಂಡರೆ ನೋವಿಲ್ಲ ಅಂತ ಬಿಡಬೇಡಿ, ನೋವು ತಿಳಿಯದಿರುವುದೇ ಅಲ್ಲಿ ಅಪಾಯ.

ಕಾಲು ಊದಿ ಬಿಸಿಯಾಗಿ ಕೆಂಪು ಹರಡುತ್ತಿದ್ದರೆ ಅದರ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು ಹೊತ್ತು ಬರೆಯಿರಿ, ಮತ್ತು ಅದೇ ದಿನ ಡಾಕ್ಟರಿಗೆ ತೋರಿಸಿ. ಗೆರೆ ದಾಟಿ ಹರಡಿದರೆ, ಚಳಿಜ್ವರ ಬಂದರೆ, ನೋಡಲು ಇರುವುದಕ್ಕಿಂತ ನೋವು ವಿಪರೀತ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಸ ಮಾತ್ರೆ ತೆಗೆದುಕೊಂಡ ಮೇಲೆ ದದ್ದು ಎದ್ದು ಬಾಯಿ, ಕಣ್ಣು ಹುಣ್ಣಾದರೆ ಅಥವಾ ಚರ್ಮ ಸುಲಿದು ಬಂದರೆ, ತುಟಿ ಊದಿ ಉಸಿರು ಕಟ್ಟಿದರೆ, ಜ್ವರದ ಜೊತೆ ಬಂದ ನೇರಳೆ ಚುಕ್ಕೆಗಳು ಗಾಜಿನ ಲೋಟ ಒತ್ತಿದರೂ ಮಾಯವಾಗದಿದ್ದರೆ, ಆಗ 108ಕ್ಕೆ ಫೋನ್ ಮಾಡಿ, ಇಲ್ಲವೇ ಟ್ಯಾಕ್ಸಿ ಹಿಡಿಯಿರಿ.

ಒಪಿಡಿಗೆ ಹೋಗುವಾಗ

ಮುಂಬೈಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆ ಮೂರರಲ್ಲೂ ಚರ್ಮದ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಯಾವ ದಿನ ಒಪಿಡಿ ಅಂತ ಮೊದಲೇ ವಿಚಾರಿಸಿಕೊಳ್ಳಿ. ಆವತ್ತು ಬೆಳಿಗ್ಗೆ ಏನೂ ಹಚ್ಚಬೇಡಿ, ಪುಡಿಯೂ ಬೇಡ. ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗಬಹುದು. ಉಗುರು ಬಣ್ಣ ತೆಗೆದಿರಿ. ಸುಲಭವಾಗಿ ಬಿಚ್ಚುವ ಬಟ್ಟೆ ತೊಡಿ. ಹಚ್ಚಿದ ಎಲ್ಲ ಟ್ಯೂಬು, ನುಂಗುವ ಎಲ್ಲ ಮಾತ್ರೆ ಒಂದು ಚೀಲದಲ್ಲಿ ತನ್ನಿ, ಖಾಲಿ ಟ್ಯೂಬನ್ನೂ ಎಸೆಯಬೇಡಿ. ಸಾಲಿನಲ್ಲಿ ನಿಂತು ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ, ಆದ್ದರಿಂದ ಮೊದಲ ವಾಕ್ಯದಲ್ಲೇ ಮುಖ್ಯವಾದದ್ದು ಹೇಳಿ. ಹೊಸದಾಗಿ ಊರಿಂದ ಬಂದವರಿಗೆ ಎರಡು ಮರಾಠಿ ಮಾತು ಸಾಕಾಗುತ್ತದೆ: ರಾತ್ರಿ ತುರಿಕೆ ಜಾಸ್ತಿ ಅನ್ನಲು "ರಾತ್ರೀ ಜಾಸ್ತ ಖಾಜ್ ಯೇತೆ", ಇಲ್ಲಿ ಮರಗಟ್ಟಿದೆ ಅನ್ನಲು "ಇಥೇ ಬಧೀರ್ ವಾಟತಂ".